ಪುಷ್ಪಲತಾ ಪರವಾಗಿ

ಹೋದ ವರ್ಷ ಕೋಲಾರದ ಒಂದು ಕಾಲೇಜಿನವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಬ್ಯಾನರಿನಲ್ಲಿ ನನ್ನ ಹೆಸರಿನ ಕೆಳಗೆ ‘ಅಂತರಿಕ್ಷ ಪೈಲಟ್’ ಎಂದು ಹಾಕಿಸಿ, ಪಕ್ಕದಲ್ಲಿ ಬೆಂಕಿ ಉಗುಳುವ ರಾಕೆಟ್ಟಿನ ಚಿತ್ರ ಬೇರೆ ಅಂಟಿಸಿದ್ದರು. ನಾನು ಜೀವಮಾನದಲ್ಲಿ ರಾಕೆಟ್ ಹತ್ತಿದವನಲ್ಲ. ನಾನು ಹತ್ತಿದ್ದು ಬಲೂನಿಗೆ ಕಟ್ಟಿದ ಒಂದು ಡಬ್ಬಿ. ಆದರೂ ಶಾಲು ಹೊದಿಸುವಾಗ ಬೇಡವೆನ್ನಲಿಲ್ಲ, ಹೊದಿಸಿಕೊಂಡೆ.

ಕೊನೆಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: “ಸಾರ್, ಎಲ್ಲಾ ಕಂಪ್ಯೂಟರೇ ಮಾಡುತ್ತೆ ಅಂದ್ರಲ್ಲ, ಮತ್ತೆ ಪೈಲಟ್ ಯಾಕ್ ಸಾರ್ ಬೇಕು?”

ಎಲ್ಲರೂ ನಕ್ಕರು. ನಾನೂ ನಕ್ಕು, “ಒಳ್ಳೇ ಪ್ರಶ್ನೆ ಕಣಮ್ಮ” ಎಂದು ಲೋಟ ಎತ್ತಿ ನೀರು ಕುಡಿದೆ. ಉತ್ತರ ತಪ್ಪಿಸಿಕೊಳ್ಳುವ ದೊಡ್ಡಮನುಷ್ಯರೆಲ್ಲ ಹೀಗೆಯೇ ನೀರು ಕುಡಿಯುತ್ತಾರೆ. ಉತ್ತರ ನನಗೆ ಗೊತ್ತಿತ್ತು. ಅದನ್ನು ಹೇಳಬೇಕಾದರೆ ಶಾಲನ್ನು ತೆಗೆದಿಟ್ಟು ಹೇಳಬೇಕಾಗಿತ್ತು. ಆ ಕೆಲಸವನ್ನು ಈಗ ಮಾಡುತ್ತಿದ್ದೇನೆ.

ನಾನು ಮುಳಬಾಗಿಲು ತಾಲ್ಲೂಕಿನವನು, ನಂಗಲಿ ಹತ್ತಿರದ ಹಳ್ಳಿ. ವಾಯುಪಡೆಯಲ್ಲಿ ಸಾಮಾನು ಸಾಗಿಸುವ ವಿಮಾನ ಓಡಿಸಿದವನು. ಯಾವಾಗ ಯಾವ ಬಡ್ತಿ ಸಿಕ್ಕಿತೆಂಬುದು ನನ್ನ ಹೆಂಡತಿ ಸುಶೀಲಗೇ ನೆನಪಿಲ್ಲ, ನಿಮಗೇಕೆ ಹೇಳಲಿ. ಅಲ್ಲಿನ ಒಂದು ಪ್ರಸಂಗ ಮಾತ್ರ ಹೇಳಬೇಕು. ಹಾರುವ ಮುಂಚೆ ಪ್ರತಿಯೊಬ್ಬರೂ ಒಂದು ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ಸಹಿ ಹಾಕಬೇಕಿತ್ತು. ಒಂದು ದಿನ ಜೊತೆಗಾರನೊಬ್ಬ ಚಹಾ ಕುಡಿಯುತ್ತಿದ್ದನೆಂದು ಅವನ ಸಹಿಯನ್ನೂ ನಾನೇ ಗೀಚಿಬಿಟ್ಟೆ. ನಮ್ಮ ಕಮಾಂಡರು ಅದನ್ನು ನೋಡಿ ನನ್ನನ್ನು ಕರೆಸಿದರು. ಅವರು ಮಾತೇ ಆಡದ ಮನುಷ್ಯ, ಮೀಸೆಯಲ್ಲೇ ಆಜ್ಞೆ ಮಾಡುವವರು. ಅವತ್ತು ಹಿಂದಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರು. “ಅವನು ಸತ್ತರೆ ಅವನ ಪರವಾಗಿ ನೀನು ಸಾಯುತ್ತೀಯಾ?” ಒಂದು ವಾರ ಹಾರಲು ಬಿಡದೆ ನನ್ನನ್ನು ನೆಲದ ಮೇಲೇ ಕೂರಿಸಿದರು. ನಾನು ಮನಸ್ಸಿನಲ್ಲೇ ಅವರನ್ನು ಬೈದುಕೊಂಡು, ಪಾಠವನ್ನು ಅಲ್ಲೇ ಬಿಟ್ಟು ಬಂದೆ.

ನಿವೃತ್ತಿಯಾಗಿ ಕೋಲಾರದಲ್ಲಿ ಮನೆ ಮಾಡಿಕೊಂಡು ದಾಸವಾಳಕ್ಕೆ ನೀರು ಹಾಕುತ್ತಿದ್ದವನನ್ನು ಮಾಲೂರಿನ ಕಂಪನಿಯೊಂದು ಹುಡುಕಿಕೊಂಡು ಬಂತು. ಹೆಸರು ಬೇಡ. ಇಟ್ಟಿಗೆ ಗೂಡುಗಳ ನಡುವೆ ದೊಡ್ಡದೊಂದು ತಗಡಿನ ಶೆಡ್ಡು, ಒಳಗೆ ಎಸಿ, ಗೋಡೆಯ ತುಂಬ ನಕ್ಷತ್ರಗಳು. ಕಂಪನಿಯ ಮುಖ್ಯಸ್ಥ ನಿಖಿಲ್, ನನ್ನ ಮಗನ ವಯಸ್ಸು. ಮೊದಲ ದಿನವೇ “ಇಲ್ಲಿ ಸಾರ್ ಗೀರ್ ಏನಿಲ್ಲ ಕ್ಯಾಪ್ಟನ್, ಬರೀ ನಿಖಿಲ್ ಅನ್ನಿ” ಎಂದ. ಹಾಗೆ ಹೇಳುವ ಯಜಮಾನರ ಹತ್ತಿರ ಹುಷಾರಾಗಿರಿ ಮಕ್ಕಳೇ. ಸಾರ್ ಅನ್ನಿಸಿಕೊಳ್ಳುವವರಿಗೆ ಒಂದಿಷ್ಟಾದರೂ ಸಂಕೋಚ ಇರುತ್ತದೆ.

ಅವನ ಯೋಜನೆ ಏನೆಂದರೆ, ಗಾಳಿಗಿಂತ ಹಗುರವಾದ ಅನಿಲ ತುಂಬಿದ ಭಾರಿ ಬಲೂನು, ಅದರ ಕೆಳಗೆ ಗಾಳಿಯಾಡದಂತೆ ಮುಚ್ಚಿದ ಗುಂಡನೆಯ ಡಬ್ಬಿ, ಡಬ್ಬಿಯೊಳಗೆ ನಾಲ್ಕು ಜನ ಪ್ರವಾಸಿಗರು, ಇಬ್ಬರು ಪೈಲಟ್‌ಗಳು. ಎರಡು ಗಂಟೆ ಏರುವುದು, ಮೇಲೆ ಸ್ವಲ್ಪ ಹೊತ್ತು ತೇಲುವುದು, ಅನಿಲ ಬಿಡುತ್ತ ಇಳಿಯುವುದು, ನೆಲ ಮುಟ್ಟಿದ ಕೂಡಲೇ ಬಲೂನನ್ನು ಕಳಚಿಬಿಡುವುದು. ಏರುತ್ತಿದ್ದುದು ಮೂವತ್ತು ಕಿಲೋಮೀಟರಿನ ಹತ್ತಿರಕ್ಕೆ. ಬಾಹ್ಯಾಕಾಶ ಅನ್ನುವುದು ಅದರ ಮೂರು ಪಟ್ಟು ಮೇಲೆ ಶುರುವಾಗುತ್ತದೆ ಎಂದು ನಾನು ಒಂದು ಮೀಟಿಂಗಿನಲ್ಲಿ ಬಾಯಿ ತಪ್ಪಿ ಹೇಳಿದೆ. ಜಾಹೀರಾತಿನ ಹುಡುಗರೆಲ್ಲ ನಾನು ಸಾವಿನ ಮನೆಯಲ್ಲಿ ಶಿಳ್ಳೆ ಹೊಡೆದವನಂತೆ ನನ್ನನ್ನು ನೋಡಿದರು. ಟಿಕೆಟ್ ಮಾರುವ ಪರವಾನಗಿ ಇನ್ನೂ ಬಂದಿರಲಿಲ್ಲವಾದ್ದರಿಂದ ಡಬ್ಬಿ ಹತ್ತುವವರನ್ನೆಲ್ಲ ‘ಅತಿಥಿಗಳು’ ಎನ್ನಬೇಕಿತ್ತು. ಡಬ್ಬಿಯನ್ನು ‘ನೌಕೆ’ ಎನ್ನಬೇಕಿತ್ತು. ನನಗೆ ನೀಲಿ ಉಡುಪು ಹೊಲಿಸಿ ಎದೆ, ತೋಳು, ಬೆನ್ನಿಗೆಲ್ಲ ಬಿಲ್ಲೆ ಅಂಟಿಸಿದರು. ಅದನ್ನು ತೊಟ್ಟುಕೊಂಡು ಮನೆಗೆ ಬಂದಾಗ ಸುಶೀಲ ಬಾಗಿಲಲ್ಲೇ, “ಗ್ಯಾಸ್ ಸಿಲಿಂಡರ್ ಅಲ್ಲೇ ಇಡಪ್ಪ” ಎಂದಳು.

ಡಬ್ಬಿಯಲ್ಲಿ ಯಾರೂ ಇಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಒಂದು, ನಮ್ಮೂರಿನ ಹತ್ತಿರವೇ, ನಂಗಲಿ ಹೆದ್ದಾರಿಯ ಪಕ್ಕ ಇಳಿಯಿತು. ನಾವು ಜೀಪಿನಲ್ಲಿ ತಲುಪುವಷ್ಟರಲ್ಲಿ ಲಾರಿಗಳೆಲ್ಲ ನಿಂತು, ಕಡಲೆಕಾಯಿ ಮಾರುವವನು ಡಬ್ಬಿಯ ನೆರಳಿನಲ್ಲೇ ಅಂಗಡಿ ಹೂಡಿದ್ದ. ಒಬ್ಬ ಮುದುಕ ಕಿಟಕಿಗೆ ಮೂಗು ಒತ್ತಿ, “ಏಮಯ್ಯಾ, ಒಳಗ್ ಯಾರೂ ಇಲ್ವಲ್ಲೋ!” ಎಂದು ಗಾಬರಿಯಾದ. ಯಾರೂ ಇರಲಿಲ್ಲ, ಕಂಪ್ಯೂಟರೇ ಓಡಿಸಿದ್ದು ಎಂದೆ. “ಹಂಗಾದ್ರೆ ನೀನ್ಯಾಕಪ್ಪಾ ಈ ಬಟ್ಟೆ ಹಾಕ್ಕೊಂಡ್ ಬಂದಿದೀಯ?” ಎಂದು ಕೇಳಿದ. ಕಂಪನಿಯ ಕ್ರೇನು ದಾರಿಯಲ್ಲೇ ಕೆಟ್ಟು ನಿಂತಿತ್ತು. ಕೊನೆಗೆ ಟೊಮೆಟೊ ಲಾರಿಯವನೊಬ್ಬ ಖಾಲಿ ಕ್ರೇಟುಗಳನ್ನು ಒತ್ತರಿಸಿ, ಅಲ್ಲಿದ್ದವರೆಲ್ಲ ಕೈಹಾಕಿ, ನಮ್ಮ ಅಂತರಿಕ್ಷ ನೌಕೆಯನ್ನು ಅವುಗಳ ಪಕ್ಕದಲ್ಲಿ ಕೂರಿಸಿಕೊಂಡು ಮಾಲೂರಿಗೆ ತಂದುಬಿಟ್ಟ. ಮಾರನೆಯ ದಿನದ ಪ್ರಕಟಣೆಯಲ್ಲಿ ‘ಯೋಜಿತ ರೀತಿಯಲ್ಲಿ ಮರಳಿ ತರಲಾಯಿತು’ ಎಂದಿತ್ತು.

ಆಮೇಲೆ ಅತಿಥಿಗಳು. ಕತ್ತಲೆಯಂಥ ಆಕಾಶದ ಕೆಳಗೆ ಭೂಮಿ ಬಾಗಿದ್ದು ಕಾಣುತ್ತದೆ, ಒಂದು ಕಡೆ ಚೆನ್ನೈನ ಸಮುದ್ರ ಮಿನುಗುತ್ತದೆ. ಅದನ್ನು ಮೊದಲು ಕಂಡಾಗ ನನ್ನ ಕಣ್ಣು ತುಂಬಿ ಬಂದಿತ್ತು, ಸುಳ್ಳು ಹೇಳುವುದಿಲ್ಲ. ನಮ್ಮ ಅತಿಥಿಗಳು ಕೇಳಿದ್ದು, “ಕ್ಯಾಪ್ಟನ್, ನಮ್ಮ ಸೈಟು ಎಲ್ ಬರುತ್ತೆ?” ಒಬ್ಬರು ಸಿನಿಮಾದಲ್ಲಿ ನೋಡಿದಂತೆ ಗಾಳಿಯಲ್ಲಿ ತೇಲಿಸಬೇಕೆಂದು ಮನೆಯಿಂದ ಲಾಡು ಕಟ್ಟಿಸಿಕೊಂಡು ಬಂದಿದ್ದರು. ಬಲೂನಿನಲ್ಲಿ ಯಾವುದೂ ತೇಲುವುದಿಲ್ಲ, ಮನೆಯಲ್ಲಿ ಕೂತಷ್ಟೇ ಭಾರವಾಗಿ ಕೂತಿರುತ್ತೇವೆ. ನಾಲ್ಕು ಸಲ ಕೈಬಿಟ್ಟು ನೋಡಿದರು. ಲಾಡು ನಾಲ್ಕು ಸಲವೂ ನೆಟ್ಟಗೆ ಕೆಳಗೆ ಬಿತ್ತು. ನಾನು ಮಂಡಿಯೂರಿ ಪುಡಿ ಆರಿಸಿದೆ. ಮೂವತ್ತು ಕಿಲೋಮೀಟರು ಎತ್ತರದಲ್ಲಿ ಪೈಲಟ್ ಮಾಡುತ್ತಿದ್ದ ಕೆಲಸ ಅದು. ಅದು ಬಿಟ್ಟರೆ ವಾಂತಿಯ ಚೀಲ ಕೊಡುವುದು, ಫೋಟೊಗೆ ಹೆಬ್ಬೆರಳು ಎತ್ತುವುದು.

ಎರಡನೆಯ ಪೈಲಟ್ ಪುಷ್ಪಲತಾ. ಮಾಲೂರಿನವಳೇ, ಇಟ್ಟಿಗೆ ಗೂಡಿನ ಮೇಸ್ತ್ರಿಯ ಮಗಳು. ಸಣ್ಣ ವಿಮಾನಗಳನ್ನು ಕೆಲವು ವರ್ಷ ಓಡಿಸಿ, ಊರಿನ ಹತ್ತಿರ ಕೆಲಸವೆಂದು ಬಂದವಳು. ಆ ಶೆಡ್ಡಿನಲ್ಲಿ ನಾನು ತಮಾಷೆ ಮಾಡಲಾಗದ ಒಂದೇ ಜೀವ ಅವಳು. ಬೆಳಿಗ್ಗೆ ಬಂದವಳೇ ಮೊದಲು ಗೂಡುಗಳ ಹೊಗೆ ನೋಡುತ್ತಿದ್ದಳು, ಆಮೇಲೆ ಯಂತ್ರಗಳ ಅಂಕಿ. ಹೊಗೆ ನೆಟ್ಟಗೆ ಎದ್ದರೆ ಗಾಳಿ ಇಲ್ಲ, ಬಾಗಿದರೆ ಶುರುವಾಯಿತು, ಮಲಗಿದರೆ ಅವತ್ತು ಬಲೂನಿನ ಮಾತೇ ಇಲ್ಲ. ಎರಡೂ ಒಂದೇ ಮಾತು ಹೇಳುವವರೆಗೂ ಅವಳು ಪೆನ್ನು ತೆಗೆಯುತ್ತಿರಲಿಲ್ಲ.

ಪೆನ್ನಿನ ವಿಷಯ ಹೇಳಲೇಬೇಕು. ಹಾರುವ ಮುಂಚೆ ನಮ್ಮಲ್ಲೂ ಒಂದು ಹಾಳೆ ಇತ್ತು. ಮೇಲೆ ‘ಹಾರಾಟಕ್ಕೆ ಸಿದ್ಧ’, ಕೆಳಗೆ ನಮ್ಮಿಬ್ಬರ ಹೆಸರು, ಹೆಸರಿನ ಮುಂದೆ ಒಂದೊಂದು ಸಾಲು. ಸಿದ್ಧವಿಲ್ಲ ಎಂದು ಬರೆಯಲು ಜಾಗವೇ ಇರಲಿಲ್ಲ, ಅಂಥ ಯೋಚನೆ ಕಂಪನಿಯವರಿಗೆ ಬಂದೇ ಇರಲಿಲ್ಲ. ಬೇಡವೆನ್ನಬೇಕಾದರೆ ಸಾಲನ್ನು ಖಾಲಿ ಬಿಡಬೇಕು. ಇಬ್ಬರಲ್ಲಿ ಒಬ್ಬರು ಖಾಲಿ ಬಿಟ್ಟರೂ ಹಾರಾಟ ನಿಲ್ಲಬೇಕು, ಕಂಪನಿಯದೇ ನಿಯಮ ಅದು.

ಇನ್ನೊಂದು ಕಡೆ ಕಂಪನಿಯಲ್ಲಿ ಬೇರೊಂದು ರೂಢಿ. ಕೆಲಸಗಾರರಲ್ಲಿ ಬಹಳ ಜನ ಬೆಂಗಳೂರಿನಿಂದ ರೈಲಿನಲ್ಲಿ ಬರುವವರು. ರೈಲು ತಡವಾದರೆ ಮೊದಲು ಬಂದವನು ಹಾಜರಿ ಪುಸ್ತಕದಲ್ಲಿ ಉಳಿದವರ ಹೆಸರಿನ ಮುಂದೆಯೂ ‘ಪರವಾಗಿ’ ಎಂದು ಬರೆದು ಸಹಿ ಹಾಕುತ್ತಿದ್ದ. ಹಾಜರಿಯಿಂದ ಶುರುವಾಗಿ ಸಾಮಾನಿನ ಚೀಟಿಗೆ ಬಂತು, ಸಾಮಾನಿನ ಚೀಟಿಯಿಂದ ಅನಿಲ ಬಿಡುವ ಕವಾಟದ ಪರೀಕ್ಷೆಯ ಹಾಳೆಗೆ ಬಂತು. ಇಡೀ ಶೆಡ್ಡಿನಲ್ಲಿ ಎಲ್ಲರೂ ಇನ್ನೊಬ್ಬರ ಪರವಾಗಿ ಇದ್ದರು, ತಮ್ಮ ಪರವಾಗಿ ಮಾತ್ರ ಯಾರೂ ಇರಲಿಲ್ಲ. ಪುಷ್ಪ ಒಬ್ಬಳೇ ಅದನ್ನು ಕಂಡರೆ ಉರಿದುಬೀಳುತ್ತಿದ್ದಳು. “ನನ್ ಹೆಸರ್ ಮುಂದೆ ಮಾತ್ರ ಯಾರೂ ಗೀಚ್ಬೇಡ್ರಪ್ಪಾ” ಎಂದು ಹುಡುಗರಿಗೆ ಹೇಳಿಟ್ಟಿದ್ದಳು.

ಈಗ ಆ ಸೋಮವಾರಕ್ಕೆ ಬರುತ್ತೇನೆ.

ಅವತ್ತಿನ ಮುಖ್ಯ ಅತಿಥಿ ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಕಟ್ಟಡ ಕಟ್ಟುವ ಒಬ್ಬರು. ಮೂಲ ಶ್ರೀನಿವಾಸಪುರದ ಕಡೆ. ಜೊತೆಗೆ ಅವರ ಮೂವರು ಗೆಳೆಯರು, ಆಶೀರ್ವಾದ ಮಾಡಲು ಅವರ ತಾಯಿ, ಟಿವಿಯವರು. ಬಲೂನು ಏರಿಸುವ ಜಾಗ ಮಾಲೂರಿನಾಚೆಯ ಒಣಗಿದ ಕೆರೆಯಂಗಳ. ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿ ಎಲೆಯೂ ಅಲುಗುವುದಿಲ್ಲ, ಆರೂವರೆಯೊಳಗೆ ಏರಿಬಿಡಬೇಕು. ಅತಿಥಿಗಳ ಕಾರುಗಳು ಬಂದಾಗ ಏಳೂ ಇಪ್ಪತ್ತು. ಆಗಲೂ ಅವಸರ ಮಾಡಿದ್ದರೆ ಏರಬಹುದಿತ್ತೇನೋ. ಆದರೆ ಆ ತಾಯಿ ಆರತಿ ತಟ್ಟೆ ಹಿಡಿದು ಡಬ್ಬಿಯ ಸುತ್ತ ನೋಡಿ, “ನಿಂಬೆಹಣ್ಣು ಎಲ್ಲಿಡೋದಪ್ಪಾ, ಇದಕ್ಕೆ ಚಕ್ರಾನೇ ಇಲ್ವಲ್ಲ?” ಎಂದು ಕೇಳಿದರು. ಅದು ತೀರ್ಮಾನವಾಗುವಷ್ಟರಲ್ಲಿ ಏಳೂವರೆ. ಸೋಮವಾರ ಏಳೂವರೆಗೆ ರಾಹುಕಾಲ ಶುರು.

“ಒಂಬತ್ತರವರೆಗೂ ಬ್ಯಾಡ ನಾಯನಾ,” ಎಂದು ಆಕೆ ನನ್ನ ಕೈ ಹಿಡಿದುಕೊಂಡರು. “ನೀನು ನಮ್ ಕಡೆಯೋನೇ ಅಂತೆ. ನಿಂಗೆ ಹೇಳೋದೇನೈತೆ.”

ಏನೂ ಇರಲಿಲ್ಲ. ವಾಯುಪಡೆಯ ದೊಡ್ಡ ಪೈಲಟ್ ನಾನು, ಕೋಲು ನುಂಗಿದವನಂತೆ ನಿಂತು “ಸರಿ ಅಮ್ಮ” ಎಂದೆ.

ಎಂಟೂ ಮುಕ್ಕಾಲಿಗೆ ಕೆರೆಯಂಗಳದ ಆ ಕೊನೆಯಲ್ಲಿದ್ದ ಗಾಳಿ ಅಳೆಯುವ ಕಂಬದ ಬುಡದಿಂದ ಪುಷ್ಪಳ ದನಿ ವೈರ್‌ಲೆಸ್ಸಿನಲ್ಲಿ ಬಂತು. “ಸಾರ್, ಹೊಗೆ ಮಲಗಿಬಿಟ್ಟಿದೆ. ಮೀಟರೂ ಅದನ್ನೇ ಹೇಳ್ತಿದೆ. ಏರೋದೇನೋ ಏರ್ತೀವಿ, ಇಳಿಯೋಷ್ಟರಲ್ಲಿ ಮಧ್ಯಾಹ್ನ ಆಗುತ್ತೆ, ನೆಲದಲ್ಲಿ ಎಳ್ಕೊಂಡ್ ಹೋಗ್ಬಿಡುತ್ತೆ. ಇವತ್ತು ಬೇಡ ಸಾರ್. ನಾನು ಸೈನ್ ಹಾಕಿಲ್ಲ, ಹಾಕೋದೂ ಇಲ್ಲ.”

ಅವಳ ಮಾತು ಅಕ್ಷರಕ್ಕೆ ಅಕ್ಷರ ಸರಿ ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ನಿಖಿಲ್ ಹಾಳೆ ಹಿಡಿದು ಬಂದ. ಹಿಂದೆ ಟಿವಿಯವರು, ಅವರ ಹಿಂದೆ ಆರತಿ ತಟ್ಟೆ.

“ಕ್ಯಾಪ್ಟನ್, ಪುಷ್ಪ ಸೈನ್ ಒಂದು ಬಾಕಿ ಇದೆ. ಅವಳು ಅಲ್ಲೆಲ್ಲೋ ಕಂಬದ ಹತ್ರ ಇದಾಳೆ. ನೀವೇ ಪರವಾಗಿ ಅಂತ ಹಾಕ್ಬಿಡಿ.”

“ಅವಳು ಬೇಡ ಅಂತಿದಾಳೆ,” ಎಂದೆ.

“ಅವಳು ಯಾವಾಗ ತಾನೆ ಬೇಕು ಅಂದಿದಾಳೆ? ಅನುಭವ ಯಾರದು ಜಾಸ್ತಿ, ನೀವೇ ಹೇಳಿ.”

ನೋಡಿ, ನನ್ನನ್ನು ಕೊಳ್ಳಲು ಬೇಕಾಗಿದ್ದುದು ಅಷ್ಟೇ. ಬೆದರಿಕೆ ಬೇಡ, ಆಮಿಷ ಬೇಡ, ಕ್ಯಾಮೆರಾ ಮುಂದೆ ಎರಡು ಮಾತು ಹೊಗಳಿಕೆ ಸಾಕಾಯಿತು. ಇಷ್ಟು ಹೊತ್ತು ಎಲ್ಲರನ್ನೂ ಹೀಯಾಳಿಸಿಕೊಂಡು ಬಂದೆನಲ್ಲ, ಆ ಕೆರೆಯಂಗಳದಲ್ಲಿ ಅವತ್ತು ಎಲ್ಲರಿಗಿಂತ ಹಗುರವಾದ ಮನುಷ್ಯ ನಾನೇ. ಪೆನ್ನು ತೆಗೆದು ‘ಪುಷ್ಪಲತಾ ಪರವಾಗಿ’ ಎಂದು ಬರೆದು ಸಹಿ ಹಾಕಿದೆ. ಕೆಳಗೆ ನನ್ನ ಹೆಸರು ಓದಲು ಬರದಂತೆ ಗೀಚಿದೆ.

ಅವಳು ಬಂದು ಹಾಳೆ ನೋಡಲಿಲ್ಲ, ನನ್ನ ಮುಖ ನೋಡಿದಳು. “ಹಾಕ್ಬಿಟ್ರಾ ಸಾರ್?” ಎಂದಳು. “ನಾನಿದೀನಲ್ಲಮ್ಮ, ನೋಡ್ಕೋತೀನಿ ಬಾ,” ಎಂದೆ. ಅವಳು ಡಬ್ಬಿ ಹತ್ತಿ ಬೆಲ್ಟ್ ಕಟ್ಟಿಕೊಂಡಳು. ಯಾಕೆ ಹತ್ತಿದೆ ಎಂದು ಆಮೇಲೆ ಕೇಳಿದ್ದಕ್ಕೆ, “ನೀವೊಬ್ರೇ ಆಗ್ತಿದ್ರಿ, ಒಳಗೆ ನಾಲ್ಕ್ ಜನ ಇದ್ರು” ಎಂದಿದ್ದಳು.

ಏರಿದ್ದು ಸುಸೂತ್ರವಾಗಿ ಆಯಿತು. ಕಂಪ್ಯೂಟರ್ ತನ್ನ ಕೆಲಸವನ್ನೆಲ್ಲ ಅಚ್ಚುಕಟ್ಟಾಗಿ ಮಾಡಿತು, ಅದರದ್ದೇನೂ ತಪ್ಪಿಲ್ಲ. ಗಾಳಿ ನಮ್ಮನ್ನು ಈಶಾನ್ಯಕ್ಕೆ ತಳ್ಳಿಕೊಂಡು ಹೋಯಿತು. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಗೌನಿಪಲ್ಲಿಯ ಮಾವಿನ ತೋಪುಗಳ ಪಕ್ಕದ ಬಯಲಿಗೆ ಇಳಿಯುವಾಗ ಕೆಳಗೆ ಧೂಳು ಅಡ್ಡಡ್ಡ ಓಡುತ್ತಿದ್ದುದು ಕಾಣುತ್ತಿತ್ತು. ನೆಲ ಇನ್ನೇನು ಮುಟ್ಟಬೇಕು, ಮುಖ್ಯ ಅತಿಥಿಯ ಗೆಳೆಯರೊಬ್ಬರು ವಿಡಿಯೊ ತೆಗೆಯಲು ಬೆಲ್ಟ್ ಬಿಚ್ಚಿ ಎದ್ದು ನಿಂತರು. ಕೂಗಿದರೂ ಕೇಳಲಿಲ್ಲ. ಪುಷ್ಪ ತನ್ನ ಬೆಲ್ಟ್ ಬಿಚ್ಚಿ, ಅವರನ್ನು ಭುಜ ಹಿಡಿದು ಕುರ್ಚಿಗೆ ಅದುಮಿ, ಅವರ ಪಟ್ಟಿ ಬಿಗಿದಳು. ತನ್ನ ಜಾಗಕ್ಕೆ ಮರಳಲು ಅವಳಿಗೆ ಸಮಯವಿರಲಿಲ್ಲ. ಡಬ್ಬಿ ನೆಲಕ್ಕೆ ಬಡಿಯಿತು. ನಾನು ಬಲೂನು ಕಳಚುವ ಹಿಡಿಕೆ ಎಳೆಯುವಷ್ಟರಲ್ಲಿ ಗಾಳಿ ನಮ್ಮನ್ನು ಬಯಲು ದಾಟಿಸಿ ಎರಡು ಮಾವಿನ ಮರಗಳಿಗೆ ಅಪ್ಪಳಿಸಿತ್ತು. ಅತಿಥಿಗಳಿಗೆ ತರಚಿದ ಗಾಯ. ಪುಷ್ಪ ಕೆಳಗೆ ಬಿದ್ದಿದ್ದಳು, ಕಣ್ಣು ತೆರೆದೇ ಇತ್ತು. “ಸಾರ್, ಬೆನ್ನು,” ಎಂದಳು, ಅಷ್ಟೇ.

ತೋಪಿನವನು ದೊಣ್ಣೆ ಹಿಡಿದು ಓಡಿ ಬಂದ. “ಯಾರ್ರೀ ನೀವು? ಕಾಯೆಲ್ಲಾ ಉದುರಿಸಿಬಿಟ್ರಲ್ರೀ!” ಎಂದು ಕೂಗುತ್ತ ಬಂದವನು ಒಳಗೆ ಇಣುಕಿ ನೋಡಿ ದೊಣ್ಣೆ ಬಿಸಾಕಿದ. ಪಂಪ್‌ಸೆಟ್ ಮನೆಯ ಬಾಗಿಲನ್ನೇ ಕಿತ್ತು ತಂದು, ಅದರ ಮೇಲೆ ಅವಳನ್ನು ಅಲುಗದಂತೆ ಮಲಗಿಸಿ, ತನ್ನ ಆಳುಗಳ ಜೊತೆ ರಸ್ತೆಗೆ ಹೊತ್ತು ತಂದ. ಆ ಇಡೀ ದಿನದಲ್ಲಿ ಮಾಡಬೇಕಾದ್ದನ್ನು ಮಾಡಬೇಕಾದ ಹೊತ್ತಿಗೆ ಮಾಡಿದವನೆಂದರೆ ಪುಷ್ಪಳನ್ನು ಬಿಟ್ಟರೆ ಅವನೊಬ್ಬನೇ.

ಬೆನ್ನುಮೂಳೆ ಮುರಿದಿತ್ತು. ನಡೆಯುತ್ತಾಳೆ, ಆದರೆ ಇನ್ನು ಹಾರುವಂತಿಲ್ಲ ಎಂದರು ಡಾಕ್ಟರು.

ಒಂದು ವಾರದ ಮೇಲೆ ನಿಖಿಲ್ ನಮ್ಮ ಮನೆಗೆ ಬಂದ. ಅವತ್ತು ಮೊದಲ ಸಲ ಅವನು ನನ್ನನ್ನು ‘ಸಾರ್’ ಎಂದ. ತನಿಖೆಗೆ ಅಧಿಕಾರಿಯೊಬ್ಬರು ಬರುವವರಿದ್ದರು, ಅವರಿಗೆ ಕೊಡಬೇಕಾದ ವರದಿಯನ್ನು ಬರೆದುಕೊಂಡೇ ತಂದಿದ್ದ. ಇಬ್ಬರೂ ಪೈಲಟ್‌ಗಳು ಲಿಖಿತ ಒಪ್ಪಿಗೆ ಕೊಟ್ಟಿದ್ದರು, ಎರಡನೆಯ ಪೈಲಟ್ ನಿಯಮ ಮೀರಿ ಬೆಲ್ಟ್ ಬಿಚ್ಚಿದ್ದರಿಂದ ಗಾಯವಾಯಿತು ಎಂದಿತ್ತು ಅದರಲ್ಲಿ.

“ನಿಮ್ ಹೆಸರಿಗೆ ಏನೂ ಬರಲ್ಲ ಸಾರ್. ಸೈನ್ ಹಾಕಿದ್ರೆ ಆಯ್ತು.”

ನಾನು ಆ ಹಾಳೆಯನ್ನು ಎರಡು ದಿನ ಇಟ್ಟುಕೊಂಡೆ. ಆಗಲೇ ಹರಿದು ಬಿಸಾಕಿದೆ ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಹರಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಸುಶೀಲ ಕಾಫಿ ಲೋಟವನ್ನು ಅದರ ಮೇಲೇ ಇಟ್ಟು, “ಆ ಹುಡುಗಿ ಬೇಡ ಅಂದಿದ್ದು ನಿಮಗೆ ಕೇಳಿಸಿತ್ತಾ, ಇಲ್ವಾ? ಅಷ್ಟ್ ಹೇಳಿ ಸಾಕು,” ಎಂದಳು. ಕೇಳಿಸಿತ್ತು.

ತನಿಖೆಯ ಅಧಿಕಾರಿಯ ಮುಂದೆ ಅದನ್ನೇ ಹೇಳಿದೆ. ಅವಳು ಬೇಡ ಎಂದಿದ್ದಳು, ಸಾಲನ್ನು ಖಾಲಿ ಬಿಟ್ಟಿದ್ದಳು, ಆ ಖಾಲಿ ಸಾಲನ್ನು ತುಂಬಿದ ಕೈ ನನ್ನದು. ಅವರು ಹಾಳೆಯ ಮೇಲಿನ ನನ್ನ ಗೀಚನ್ನು ನೋಡಿ, “ನೀವು ವಾಯುಪಡೆಯಲ್ಲಿದ್ದವರಲ್ಲವೇ?” ಎಂದು ಮಾತ್ರ ಕೇಳಿದರು. ನನ್ನ ಲೈಸೆನ್ಸು ಹೋಯಿತು. ಪುಷ್ಪಳ ಮೇಲೆ ಯಾವ ತಪ್ಪೂ ಇಲ್ಲವೆಂದು ದಾಖಲಾಯಿತು. ಅವಳ ಬೆನ್ನಿಗೆ ಅದರಿಂದ ಏನೂ ಆಗಲಿಲ್ಲ. ಕಂಪನಿ ಮುಚ್ಚಿತು. ಆ ಶೆಡ್ಡಿನಲ್ಲಿ ಈಗ ಹೆಂಚಿನ ಗೋದಾಮು ಇದೆ, ಗೋಡೆಯ ನಕ್ಷತ್ರಗಳು ಹಾಗೇ ಇವೆಯಂತೆ.

ಕಾಲೇಜಿನ ಹುಡುಗೀ, ನಿನ್ನ ಪ್ರಶ್ನೆಗೆ ಉತ್ತರ ಇದು. ಏರಿಸಲು, ಇಳಿಸಲು ಕಂಪ್ಯೂಟರ್ ಇದೆ. ಯಜಮಾನ, ಅತಿಥಿ, ಕ್ಯಾಮೆರಾ, ಆರತಿ ತಟ್ಟೆ ಎಲ್ಲವೂ ಎದುರಿಗೆ ನಿಂತಿರುವಾಗ “ಇವತ್ತು ಬೇಡ” ಎನ್ನಲು ಒಬ್ಬರು ಬೇಕು. ಪೈಲಟ್ ಬೇಕಾಗಿರುವುದು ಅದಕ್ಕೆ. ಅವತ್ತು ಅಲ್ಲಿ ಒಬ್ಬಳು ಪೈಲಟ್ ಇದ್ದಳು. ಬ್ಯಾನರಿನ ಮೇಲೆ ಇದ್ದ ಹೆಸರು ಅವಳದ್ದಲ್ಲ.

ಪುಷ್ಪ ಈಗ ಮಾಲೂರಿನಲ್ಲಿ, ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಹೆಣ್ಣುಮಕ್ಕಳಿಗೆ ಡ್ರೋನ್ ಹಾರಿಸಲು ಕಲಿಸುತ್ತಾಳೆ. ಪ್ರಾರಂಭದ ದಿನ ನಮ್ಮಿಬ್ಬರನ್ನೂ ಕರೆದಿದ್ದಳು. ಸುಶೀಲಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದೆ ಕೆಳಗೆ ಕಾರಿನಲ್ಲೇ ಕೂತಳು. ಮೇಲೆ ಬಾಗಿಲ ಪಕ್ಕ ಒಂದು ರಿಜಿಸ್ಟರ್ ಇತ್ತು, ಬಂದವರೆಲ್ಲ ಹೆಸರು ಬರೆದು ಸಹಿ ಹಾಕಬೇಕು. ನಾನು ನನ್ನದು ಹಾಕಿದೆ. ಪೆನ್ನು ಕೈಯಲ್ಲೇ ಇತ್ತು.

“ನಿಮ್ಮ ಆಂಟಿ ಕೆಳಗೇ ಇದಾಳೆ, ಅವಳದ್ದೂ ನಾನೇ ಬರೆದುಬಿಡ್ಲಾಮ್ಮ?” ಎಂದೆ.

ಪುಷ್ಪ ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ರಿಜಿಸ್ಟರ್ ಮಡಚಿ ಕಂಕುಳಿಗೆ ಇರುಕಿಕೊಂಡಳು. ಅವಳು ಏನು ಮಾಡಹೊರಟಿದ್ದಾಳೆಂದು ತಿಳಿದು, “ಕೊಡಮ್ಮ, ನಾನೇ ತಗೊಂಡ್ ಹೋಗ್ತೀನಿ. ನಿನ್ ಬೆನ್ನು...” ಎಂದೆ.

“ಬೇಡ ಸಾರ್,” ಎಂದಳು.

ಈ ಸಲ ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಕಂಬಿ ಹಿಡಿದು, ಸೊಂಟದ ಪಟ್ಟಿಯ ಬಿಗಿತಕ್ಕೆ ಮೈ ಬಾಗದೆ, ಒಂದೊಂದೇ ಮೆಟ್ಟಿಲು ಇಳಿದು ಅವಳು ಕಾರಿನ ಹತ್ತಿರ ಹೋದಳು. ಸುಶೀಲ ಕಿಟಕಿ ಇಳಿಸಿ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ನಿಧಾನವಾಗಿ ತನ್ನ ಹೆಸರು ಬರೆಯುವುದನ್ನು ನಾನು ಮೇಲಿನಿಂದ ನೋಡುತ್ತ ನಿಂತೆ.